ಯುಗಾದಿ ಬೆಳಿಗ್ಗೆಯ ಒಂಬತ್ತು ಬಚ್ಚಲು

೧೯೯೨ರಲ್ಲಿ, ಏಳನೇ ತರಗತಿಯಲ್ಲಿ, ನಾನು ಓದು ನಿಲ್ಲಿಸಿದೆ. ಬೆಳಕವಾಡಿಯ ನಮ್ಮ ಬಚ್ಚಲ ಕಿಂಡಿಗೆ ಆಗ ನಾನೇ ಅಧಿಕಾರಿ. ಯುಗಾದಿಯಂದು ಮನೆಮಂದಿಯೆಲ್ಲ ಹರಳೆಣ್ಣೆ ಹಚ್ಚಿ, ಸೀಗೆಪುಡಿ ತಿಕ್ಕಿ ಸಾಲಾಗಿ ಮೀಯುವಾಗ, ಕಟ್ಟಿಕೊಂಡ ಕಿಂಡಿಯನ್ನು ಬಿದಿರುಕಡ್ಡಿಯಿಂದ ಬಿಡಿಸಿ ನೀರನ್ನು ಬಾಳೆಬುಡಕ್ಕೆ ಸಾಗಹಾಕುವುದು ನನ್ನ ಹುದ್ದೆ. ನೀರು ಬರುವ ದಾರಿಯನ್ನು ಲೋಕವೆಲ್ಲ ಹೊಗಳುತ್ತದೆ, ಮಿತ್ರರೇ. ಹೋಗುವ ದಾರಿಯನ್ನು ನೆನೆಯುವವರು ನಮ್ಮಂಥ ಪೈಪು ಕೆಲಸದವರು ಮಾತ್ರ.

ಹೀಗೆ ನೆನೆಯುತ್ತಲೇ ಮೇಸ್ತ್ರಿಯಾದ ನನಗೆ ಮಂಡ್ಯದಲ್ಲಿ ಅಂತಸ್ತಿಗೊಂದರಂತೆ ಒಂಬತ್ತು ಮನೆಗಳಿರುವ ಕಟ್ಟಡದ ಕೆಲಸ ಬಂತು. ನೆಲದಂತಸ್ತಿನ ಮನೆ ಕೊಂಡವಳು ನನ್ನ ತಂಗಿ ಜಯಮ್ಮ. ನಕ್ಷೆಯಲ್ಲಿ ಒಂಬತ್ತೂ ಬಚ್ಚಲು ನೆಟ್ಟಗೆ ಇಳಿಯುವ ಒಂದೇ ಪೈಪಿಗೆ ಸೇರಿದ್ದವು. ಮೇಲಿನವರೆಲ್ಲ ಒಟ್ಟಿಗೆ ನೀರು ಬಿಟ್ಟರೆ ನೊರೆಯುಕ್ಕುವುದು ತಂಗಿಯ ಮನೆಯಲ್ಲಿ!

"ಎಲ್ಲರೂ ಒಂದೇ ಸಲ ಸ್ನಾನ ಮಾಡ್ತಾರಾ ಮೇಸ್ತ್ರಿ? ಮಾಡಲ್ಲ ಅಂತಲೇ ಈ ಲೆಕ್ಕ," ಎಂದರು ಎಂಜಿನಿಯರಮ್ಮ, ಕೋಷ್ಟಕದ ಮೇಲೆ ಬೆರಳಿಟ್ಟು.

"ನಿಮ್ ಲೆಕ್ಕಕ್ಕೆ ಯುಗಾದಿ ಗೊತ್ತಿಲ್ಲ ಕಣಮ್ಮ. ಅವತ್ತು ಒಂಬತ್ ಮನೇಲೂ ಒಟ್ಟಿಗೇ ಎಣ್ಣೆನೀರು ಉಯ್ಕೋತಾರೆ. ತಂಗಿ ಮನೇಗೆ ಬೇರೆ ಪೈಪು ಆಕ್ಬುಡಿ. ಮಿಕ್ಕಿದ್ ಪೈಪೆಲ್ಲಾ ದಪ್ಪ ಮಾಡಿ, ಆರಿಂಚೇ ಇರ್ಲಿ."

ಅವರು ನಕ್ಕರು, ಆಮೇಲೆ ಯೋಚಿಸಿದರು. "ಬೇರೆ ಪೈಪು ಸರಿ, ಇಳಿಯೋ ಪೈಪು ದಪ್ಪ ಮಾಡೋದೂ ಸರಿ. ಬಚ್ಚಲಿಂದ ಹೊರಡೋ ಅಡ್ಡ ಪೈಪು ಮಾತ್ರ ದಪ್ಪ ಬೇಡ. ಅಗಲ ಆದ್ರೆ ನೀರು ತೆಳ್ಳಗೆ ಹರಿದು ಕೊಳೆ ಅಲ್ಲೇ ಕೂರತ್ತೆ."

ನಾನು ಸುಲಭಕ್ಕೆ ಸೋಲುವವನಲ್ಲ. ಆದರೆ ಬಾಳೆಬುಡದ ಕಾಲುವೆಯನ್ನು ಜಂಬದಿಂದ ಅಗಲ ಮಾಡಿದ ವರ್ಷವೇ ಅದು ಗಬ್ಬು ನಾರಿದ್ದು ನೆನಪಾಗಿ ಅಡ್ಡ ಪೈಪು ಇದ್ದಷ್ಟೇ ಇರಲಿ ಎಂದೆ. ಹರಿಯುವುದಕ್ಕೆ ಒಂದಿಷ್ಟು ಇಕ್ಕಟ್ಟೂ ಬೇಕು, ಬಹುಶಃ ಬದುಕಿಗೂ.

ಜನ ಬಂದು ತುಂಬಿದ ಮೇಲಿನ ಮೊದಲ ಯುಗಾದಿಗೆ, ಕೋಳಿ ಕೂಗುವಾಗಲೇ ತಂಗಿಯ ಬಚ್ಚಲ ಮುಂದೆ ಮಣೆ ಹಾಕಿ, ಬಿದಿರುಕಡ್ಡಿಯಿದ್ದ ಚೀಲ ಪಕ್ಕಕ್ಕಿಟ್ಟು ಕುಳಿತೆ. ಅವಳಿನ್ನೂ ಮಿಂದಿರಲಿಲ್ಲ.

"ಅಬ್ಬದ್ ದಿನ ಬಚ್ಚಲ್ ಕಾಯ್ತಾ ಕುಂತಿದ್ದೀಯಲ್ಲಣ್ಣ, ದೇವ್ರು ಬತ್ತಾನಾ ಅಲ್ಲಿಂದ?"

"ಏನೂ ಬರ್ದೇ ಇರ್ಲಿ ಅಂತ್ಲೇ ಕುಂತಿರಾದು ಕಣಮ್ಮಿ."

ಅಷ್ಟರಲ್ಲಿ ಗೋಡೆಯೊಳಗೆ ಮೊದಲು ಒಂದು ಮನೆಯ ನೀರು, ಆಮೇಲೆ ಮೂರರದು, ಕೊನೆಗೆ ಎಂಟೂ ಮನೆಯದು ಶಿವನಸಮುದ್ರದಂತೆ ಭೋರ್ಗರೆದು ಇಳಿಯಿತು. ತಂಗಿಯೂ ಬಗ್ಗಿ ನೋಡಿದಳು. ಬಚ್ಚಲ ಜಾಲರಿ ಒಣಗಿಯೇ ಇತ್ತು. ಒಂದು ಗುಳ್ಳೆಯೂ ಏಳಲಿಲ್ಲ.

"ಏಳಣ್ಣ, ನಾನೂ ನೀರು ಉಯ್ಕೋಬೇಕು," ಎಂದವಳು ಮಿಂದು ಬಂದು ನನ್ನ ಅಂಗೈಗೆ ಬೇವುಬೆಲ್ಲ ಹಾಕಿದಳು.

ಈಗ ನನ್ನಲ್ಲಿರುವುದು ಪೈಪ್ ರೆಂಚು ನಾಲ್ಕು, ಅಳತೆ ಟೇಪು ಎರಡು, ತಂಗಿ ಒಬ್ಬಳು, ಆ ಬೆಳಿಗ್ಗೆ ಚೀಲದಿಂದ ಹೊರಗೆ ತೆಗೆಯದ ಬಿದಿರುಕಡ್ಡಿ ಒಂದು.