ಒಂಬತ್ತನೇ ಅಧ್ಯಾಯ ಓದದ ಮಾಷ್ಟ್ರು

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಸುಳ್ಯದ ಸಭಾಂಗಣವೊಂದರಲ್ಲಿ ನಾನು ಒಂದು ಪುಸ್ತಕದ ಬಗ್ಗೆ ಹದಿನೆಂಟು ನಿಮಿಷ ಮಾತಾಡಿದೆ. ಜನ ಎರಡು ಸಲ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಒಬ್ಬರು ಕಣ್ಣು ಒರೆಸಿಕೊಂಡದ್ದನ್ನೂ ನೋಡಿದೆ.

ಆ ಪುಸ್ತಕವನ್ನು ನಾನು ಓದಿರಲಿಲ್ಲ.

ಅಂತೂ ಹೇಳಿಬಿಟ್ಟೆ. ಮೂರು ವಾರದಿಂದ ಗಂಟಲಲ್ಲಿ ಸಿಕ್ಕಿಹಾಕಿಕೊಂಡಿತ್ತು. ನೀವು ಈ ಅಂಕಣವನ್ನು ತಪ್ಪದೆ ಓದುವವರು, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರೆ ‘ನೀವು ಎಷ್ಟು ಓದ್ತೀರಿ ಮಾರಾಯ್ರೆ’ ಎಂದು ಹೊಗಳುವವರು. ನಿಮ್ಮೆದುರು ಒಪ್ಪಿಕೊಳ್ಳದೆ ಇನ್ಯಾರೆದುರು ಒಪ್ಪಿಕೊಳ್ಳಲಿ?

ಪುಸ್ತಕ ದಮಯಂತಿ ಸಿಸ್ಟರ್ ಅವರದು. ಮೂವತ್ತೈದು ವರ್ಷ ಕಡಬದ ಆಚೀಚೆಯ ಹಳ್ಳಿಗಳಲ್ಲಿ ಸರಕಾರಿ ನರ್ಸ್ ಆಗಿದ್ದವರು. ಮನೆಮನೆಗೆ ನಡೆದು ಲಸಿಕೆ ಹಾಕಿದವರು, ಹೆರಿಗೆ ಮಾಡಿಸಿದವರು. ಅವರ ಸೂಜಿ ಕಂಡು ಮಂಚದಡಿಗೆ ನುಗ್ಗಿದ್ದ ದೊಡ್ಡ ದೊಡ್ಡ ಮೀಸೆಯವರು ಕೊಯಿಲದ ಕಡೆ ಈಗಲೂ ಸಿಗುತ್ತಾರೆ. ನಿವೃತ್ತರಾದ ಮೇಲೆ ಸಿಸ್ಟರ್ ತಮ್ಮ ಅನುಭವ ಬರೆದರು. ಮೊದಲ ಪುಸ್ತಕ. ಬಿಡುಗಡೆಯ ದಿನ ಕೃತಿ ಪರಿಚಯ ನೀವೇ ಮಾಡಬೇಕು ಎಂದು ನನ್ನನ್ನು ಕೇಳಿದರು. ಒಂದು ತಿಂಗಳು ಮೊದಲೇ ಪುತ್ತೂರಿನ ನಮ್ಮ ಹೈಸ್ಕೂಲಿಗೆ ಬಂದು ಪ್ರತಿ ಕೊಟ್ಟರು. ಹೊರಟವರು ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತರು.

“ಒಂಬತ್ತನೇ ಅಧ್ಯಾಯ ಒಂದು ಓದಿ ಮಾಷ್ಟ್ರೆ. ಸ್ಟೇಜಲ್ಲಿ ಅದನ್ನು ಹೇಳ್ಬೇಕೂಂತ ಇಲ್ಲ. ನೀವು ಓದಿದ್ದೀರಿ ಅಂತ ಗೊತ್ತಾದ್ರೆ ನನಗೆ ಸಾಕು.”

ಖಂಡಿತ ಓದುತ್ತೇನೆ ಎಂದೆ. ಹೇಳುವಾಗ ಓದುವ ಮನಸ್ಸು ನಿಜವಾಗಿಯೂ ಇತ್ತು.

ಪುಸ್ತಕ ನನ್ನ ಬ್ಯಾಗು ಸೇರಿತು. ಬುತ್ತಿಯ ಡಬ್ಬಿಯ ಅಡಿಯಲ್ಲಿ ಕೂತು ಒಂದು ತಿಂಗಳು ನನ್ನೊಟ್ಟಿಗೆ ಬಸ್ಸಿನಲ್ಲಿ ಓಡಾಡಿತು. ಓದಲು ಪುರುಸೊತ್ತು ಬೇಡವೇ? ಮಕ್ಕಳ ಹಾಜರಿ ಒಂದು ಆ್ಯಪಿಗೆ ಹಾಕಬೇಕು. ಯಾರು ಮೊಟ್ಟೆ ತಿಂದರು, ಯಾರು ಬಾಳೆಹಣ್ಣು ತಿಂದರು ಎಂಬುದು ಇನ್ನೊಂದಕ್ಕೆ. ಹಾಕಲು ಕೂತರೆ ಸರ್ವರ್ ಡೌನ್. ಹತ್ತನೇ ಕ್ಲಾಸಿನ ರಿಸಲ್ಟ್ ಕಳೆದ ವರ್ಷಕ್ಕಿಂತ ಇಳಿದರೆ ಕಾರಣ ಕೇಳಿ ನೋಟಿಸ್ ಬರುತ್ತದೆ. ಆ ಹೆದರಿಕೆಗೆ ಸಂಜೆ ಸ್ಪೆಷಲ್ ಕ್ಲಾಸ್. ಮನೆಗೆ ಬಂದರೆ ತಿದ್ದಬೇಕಾದ ಪೇಪರುಗಳ ಕಟ್ಟು.

ಮಧ್ಯೆ ಬಸ್ಸಿನಲ್ಲಿ ಸಿಗುವ ಮುಕ್ಕಾಲು ಗಂಟೆ? ರೀಲ್ಸ್ ನೋಡಿದೆ. (ಇದನ್ನೂ ಹೇಳಬೇಕಲ್ಲ, ಇಲ್ಲದಿದ್ದರೆ ತಪ್ಪೊಪ್ಪಿಗೆ ಅರ್ಧಂಬರ್ಧ ಆಗುತ್ತದೆ.)

ಮೇಲಾಗಿ ನನಗೆ ವಿಪರೀತ ಧೈರ್ಯ. ಈ ಭಾಗದಲ್ಲಿ ಪುಸ್ತಕ ಬಿಡುಗಡೆ ಎಂದರೆ ನನಗೊಂದು ಫೋನ್ ಬರುತ್ತದೆ. ಬೆನ್ನುಡಿ, ಮುನ್ನುಡಿ, ಮೊದಲ ಅಧ್ಯಾಯ, ಕೊನೆಯ ಪುಟ. ಇಷ್ಟು ಕಣ್ಣಾಡಿಸಿದರೆ ಎಂಥ ಪುಸ್ತಕವನ್ನೂ ದಾಟಿಸಬಹುದು ಎಂದು ಕಲಿತುಬಿಟ್ಟಿದ್ದೇನೆ. ‘ಮಣ್ಣಿನ ಸೊಗಡು’ ಎಂದರಾಯಿತು. ‘ಒಂದೇ ಉಸಿರಿಗೆ ಓದಿಸಿಕೊಂಡು ಹೋಗುತ್ತದೆ’ ಎಂದರಾಯಿತು. ಪಾಠ ಓದದೆ ಗೈಡ್ ನೋಡಿ ಉತ್ತರ ಬರೆಯುವ ಮಕ್ಕಳನ್ನು ಬೆಂಚಿನಿಂದ ಎಬ್ಬಿಸಿ ನಿಲ್ಲಿಸುವ ಕನ್ನಡ ಮಾಷ್ಟ್ರು ನಾನೇ.

ಸಭೆಯ ದಿನ ಸಿಸ್ಟರ್ ಅವರ ಯಜಮಾನರು ಮುಂದಿನ ಸಾಲಿನಲ್ಲಿ ಬಿಳಿ ಪಂಚೆ, ಬಿಳಿ ಶರ್ಟಿನಲ್ಲಿ ಕೂತಿದ್ದರು. ಮಾತು ಮುಗಿಸುವ ಹೊತ್ತಿಗೆ ನನಗೆ ಹುಮ್ಮಸ್ಸು ಏರಿತ್ತು. ಹೆಂಗಸೊಬ್ಬರು ಹೀಗೆ ಊರೂರು ಸುತ್ತಿ ದುಡಿದು, ಮತ್ತೆ ಕೂತು ಇಷ್ಟು ಬರೆಯಬೇಕಾದರೆ ಮನೆಯವರ ಬೆಂಬಲ ಎಷ್ಟಿರಬೇಕು ಎಂದು ಮೈಕಿನಲ್ಲಿ ಕೇಳಿದೆ. ಈ ಪುಸ್ತಕದ ಪ್ರತಿ ಪುಟದ ಹಿಂದೆಯೂ ಅವರ ಯಜಮಾನರಿದ್ದಾರೆ ಎಂದೆ. ಅವರನ್ನು ಬಿಟ್ಟು ಸಿಸ್ಟರ್ ಒಬ್ಬರನ್ನೇ ಸನ್ಮಾನಿಸುವುದು ನ್ಯಾಯವೇ ಎಂದೂ ಸೇರಿಸಿದೆ.

ನಮ್ಮ ಕಡೆಯ ಸಭೆಗಳಲ್ಲಿ ಒಂದು ಶಾಲು ಹೆಚ್ಚಿಗೆ ಇದ್ದೇ ಇರುತ್ತದೆ. ಕೂಡಲೇ ಅವರನ್ನು ವೇದಿಕೆಗೆ ಕರೆದರು. ಇಬ್ಬರನ್ನೂ ಪಕ್ಕಪಕ್ಕದ ಕುರ್ಚಿಯಲ್ಲಿ ಕೂರಿಸಿ ಹಾರ, ಶಾಲು, ಹಣ್ಣಿನ ಬುಟ್ಟಿ. ಯಜಮಾನರಿಗೆ ಪೇಟವನ್ನೂ ತೊಡಿಸಿದರು. ದಂಪತಿ ಸನ್ಮಾನ ಎಂದರೆ ನಮಗೆ ಅಷ್ಟು ಇಷ್ಟ. ಸಿಸ್ಟರ್ ತಲೆ ಎತ್ತಿ ಒಮ್ಮೆ ನನ್ನನ್ನು ನೋಡಿದರು. ಪಾಪ, ಭಾವುಕರಾಗಿದ್ದಾರೆ ಎಂದುಕೊಂಡು ನಾನು ನಕ್ಕೆ.

ಊಟದ ಹೊತ್ತಿಗೆ ಪಕ್ಕಕ್ಕೆ ಬಂದು ಸಿಸ್ಟರ್ ಕೇಳಿದ್ದು ಒಂದೇ: ಪುತ್ತೂರಿಗೆ ಬಸ್ಸು ಉಂಟಾ ಮಾಷ್ಟ್ರೆ?

ಬಸ್ಸಿತ್ತು. ಮೊಬೈಲಿನಲ್ಲಿ ಚಾರ್ಜ್ ಇರಲಿಲ್ಲ. ಹಾಗಾಗಿ ಪುಸ್ತಕ ತೆಗೆದೆ.

ಒಂಬತ್ತನೇ ಅಧ್ಯಾಯ ಆರೇ ಪುಟ. ಸಿಸ್ಟರ್ ಕೆಲಸಕ್ಕೆ ಸೇರಿದಂದಿನಿಂದ ಹಳೆಯ ಲಸಿಕೆ ರಿಜಿಸ್ಟರುಗಳ ಖಾಲಿ ಹಾಳೆಗಳಲ್ಲಿ ದಿನದ ಕಥೆ ಬರೆದಿಡುತ್ತಿದ್ದರಂತೆ. ಮನೆಯ ಕಥೆಯನ್ನೂ. ಗಂಡ ಯಾವ ದಿನ ಕೈ ಎತ್ತಿದರು, ಯಾಕೆ ಎತ್ತಿದರು ಎಂಬುದನ್ನೂ. ಹನ್ನೊಂದು ವರ್ಷ ಬರೆದ ಮೇಲೆ ಒಂದು ದಿನ ಅದು ಗಂಡನ ಕೈಗೆ ಸಿಕ್ಕಿತು. ಹೆಂಡತಿಯನ್ನು ಎದುರು ನಿಲ್ಲಿಸಿ ಒಂದೊಂದೇ ರಿಜಿಸ್ಟರನ್ನು ಬಚ್ಚಲ ಒಲೆಗೆ ಹಾಕಿದರು. ಕಾದ ನೀರಿನಲ್ಲಿ ಸ್ನಾನ ಮಾಡಿ ಬಂದು ಊಟಕ್ಕೆ ಕೂತರು. ಆಮೇಲೆ ಸಿಸ್ಟರ್ ಏನೂ ಬರೆಯಲಿಲ್ಲ. ಈ ಪುಸ್ತಕವನ್ನು ಬರೆದದ್ದು ಬೆಳ್ಳಾರೆಯ ತಂಗಿಯ ಮನೆಯಲ್ಲಿ, ಸೊಂಟನೋವಿನ ಮದ್ದಿಗೆ ಹೋಗುತ್ತೇನೆಂದು ಸುಳ್ಳು ಹೇಳಿ.

ಇದನ್ನು ಈವರೆಗೆ ಬಾಯಿಬಿಟ್ಟು ಯಾರಿಗೂ ಹೇಳಿಲ್ಲ ಎಂದು ಕೊನೆಯಲ್ಲಿ ಬರೆದಿದ್ದಾರೆ.

ಪಕ್ಕದಲ್ಲಿ ಕೂತವರು ನನ್ನ ಮುಖ ನೋಡಬಾರದು ಅನಿಸಿ ಕಿಟಕಿಯ ಕಡೆ ತಿರುಗಿದೆ. ಆ ಮನೆಯವರನ್ನೂ ಅಚ್ಚು ಹಾಕಿದವರನ್ನೂ ಬಿಟ್ಟರೆ ಆ ದಿನ ಆ ಸಭೆಯಲ್ಲಿ ಈ ವಿಷಯ ಗೊತ್ತಿರಬೇಕಾಗಿದ್ದವನು ನಾನೊಬ್ಬನೇ. ಸಿಸ್ಟರ್ ಬರೆದದ್ದನ್ನು ಸುಟ್ಟವರ ತಲೆಗೆ ಪೇಟ ಇಡಿಸಿದವನೂ ನಾನೇ.

ಫೋನ್ ಮಾಡಲು ಎಂಟು ದಿನ ಬೇಕಾಯಿತು. ಎಷ್ಟು ಸಲ ನಂಬರ್ ಒತ್ತಿ ಕಟ್ ಮಾಡಿದೆನೋ. ಕೊನೆಗೂ ಸಿಕ್ಕಿದಾಗ, ಈಗ ಓದಿದೆ ಸಿಸ್ಟರ್, ಆ ದಿನ ಓದಿರಲಿಲ್ಲ ಎಂದೆ. ಕೆಲಸದ ಒತ್ತಡ ಎಂದು ಶುರು ಮಾಡಿದ್ದೆ, ನನಗೇ ಹೇಸಿಗೆಯಾಗಿ ನಿಲ್ಲಿಸಿದೆ. ಅವರು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ನಮ್ಮ ಯಜಮಾನರು ಆ ದಿನದ ನಿಮ್ಮ ಭಾಷಣದ ವಿಡಿಯೋ ದಿನಾ ಬೆಳಿಗ್ಗೆ ಹಾಕ್ತಾರೆ ಮಾಷ್ಟ್ರೆ,” ಎಂದರು. “ಬಂದವರಿಗೆಲ್ಲ ತೋರಿಸುದು. ಪುಸ್ತಕ ಓದಿದವರೇ ಹೇಳಿದ್ದಾರೆ ನೋಡು ಅಂತ ನನಗೂ ತೋರಿಸುದು.”

ಇದನ್ನು ಅಂಕಣದಲ್ಲಿ ಬರೆಯಲೇ, ಹೆಸರು ಬದಲಿಸುತ್ತೇನೆ ಎಂದು ಕೇಳಿದೆ.

“ಹೆಸರು ಯಾಕೆ ಬದಲಿಸುದು? ಗೊತ್ತಾಗ್ಲಿ ಅಂತಲೇ ಅಲ್ವಾ ನಾನು ಬರ್ದದ್ದು. ಬರೀರಿ. ಈ ಸಲ ಓದಿ ಬರೀರಿ.”

ಇಡೀ ಪುಸ್ತಕ ಓದಿದೆ, ಎರಡು ಸಲ. ಕೆಲಸ ಕಡಿಮೆಯಾಗಿ ಅಲ್ಲ. ಆ್ಯಪ್‌ಗಳು ಹಾಗೆಯೇ ಇವೆ, ಸರ್ವರ್ ಈಗಲೂ ಡೌನ್. ಆ ಆರು ಪುಟ ಓದಲು ನನಗೆ ಹಿಡಿದದ್ದು ಹತ್ತು ನಿಮಿಷ. ಆ ದಿನ ಮೈಕಿನೆದುರು ನಿಂತದ್ದು ಅದಕ್ಕಿಂತ ಜಾಸ್ತಿ. ಇನ್ನು ಓದದ ಪುಸ್ತಕದ ಬಗ್ಗೆ ಬಾಯಿ ತೆರೆಯುವುದಿಲ್ಲ ಎಂದು ನಾನು ಶಪಥ ಮಾಡಬಹುದು, ನೀವು ಭೇಷ್ ಎನ್ನಬಹುದು. ಅದರಿಂದ ಸಿಸ್ಟರ್‌ಗೆ ಎಂತ ಸಿಕ್ಕಿತು?

ಇವತ್ತು ಬೆಳಿಗ್ಗೆಯೂ ಆ ಮನೆಯ ಜಗಲಿಯಲ್ಲಿ ನನ್ನ ಭಾಷಣ ಜೋರಾಗಿ ಕೇಳಿಸಿರುತ್ತದೆ. ಅದನ್ನು ನಿಲ್ಲಿಸಲು ನಾನು ಇನ್ನೆಷ್ಟು ಬರೆದರೆ ಸಾಕು?