ಕಡಲೆಪುರಿ ತಿಂದ ಮೋಟರ್‌ಸೈಕಲ್

ಹಳಸಿದ ಪೆಟ್ರೋಲಿಗೆ ಒಂದು ವಾಸನೆಯಿದೆ. ಬಂಕಿನಲ್ಲಿ ಮೂಗಿಗೆ ರಾಚುವ ಹೊಸ ಪೆಟ್ರೋಲಿನ ಘಾಟು ಅದಲ್ಲ. ಹಳೆಯ ವಾರ್ನಿಷ್ಷು, ಒದ್ದೆ ಗೋಣಿಚೀಲ, ಜೊತೆಗೆ ಒಂದಿಷ್ಟು ಹುಳಿ ಸೇರಿದ ವಾಸನೆ. ಹೋದ ಮಾರ್ಚಿನಲ್ಲಿ, ಅಮೆರಿಕದಲ್ಲಿ ನಾನೀಗಿರುವ ಅಲ್ಫರೆಟಾ ಊರಿನಲ್ಲಿ, ನಮ್ಮ ಪಕ್ಕದ ಮನೆಯವರು ಚಳಿಗಾಲವೆಲ್ಲ ಮೂಲೆ ಹಿಡಿದಿದ್ದ ಹುಲ್ಲು ಕತ್ತರಿಸುವ ಮೆಷಿನ್ನನ್ನು ಹೊರಗೆಳೆದು, ಅದರ ಟ್ಯಾಂಕಿನಲ್ಲಿದ್ದುದನ್ನು ಡಬ್ಬಿಗೆ ಬಗ್ಗಿಸುತ್ತಿದ್ದರು. ಆಫೀಸಿಗೆ ಹೊರಟಿದ್ದ ನಾನು ಕಾರಿನ ಬಾಗಿಲು ಹಿಡಿದುಕೊಂಡು ನಿಂತೇಬಿಟ್ಟೆ. ನಿಮಗೂ ಇಂಥದ್ದೊಂದು ವಾಸನೆ ಇದ್ದೇ ಇರುತ್ತದೆ. ಹಿತ್ತಲಿನ ಹಂಡೆ ಒಲೆಯದೋ, ಅಜ್ಜನ ನಶ್ಯದ್ದೋ. ಅಮೆರಿಕದಲ್ಲೇ ಹುಟ್ಟಿ ಬೆಳೆದ ನನ್ನ ಪಾಲಿಗೆ ಬಂದದ್ದು ಕೆಟ್ಟುಹೋದ ಪೆಟ್ರೋಲು. ಬೇರೆಯವರು ನಕ್ಕರೆ ನಗಲಿ, ನನಗೆ ಅದರಲ್ಲೇ ಒಂದು ಇಡೀ ಮನೆ ಸಿಗುತ್ತದೆ.

ಆ ಮನೆ ವರ್ಜೀನಿಯಾದಲ್ಲಿತ್ತು, ವಾಷಿಂಗ್ಟನ್ನಿನಿಂದ ಪಶ್ಚಿಮಕ್ಕೆ, ಊರು ಮುಗಿದು ಹೊಲ ಶುರುವಾಗುವ ಕಡೆ. ಅಪ್ಪ ಸರ್ಕಾರಿ ಪ್ರಯೋಗಾಲಯದಲ್ಲಿ ವಿಜ್ಞಾನಿ. ಲೋಹಕ್ಕೆ ತುಕ್ಕು ಯಾಕೆ ಹಿಡಿಯುತ್ತದೆ ಎಂದು ನೋಡುವುದು ಅವನ ಕೆಲಸ. ಅಂಥವನು ಊರು ಬಿಡುತ್ತಿದ್ದ ಸಹೋದ್ಯೋಗಿಯೊಬ್ಬನಿಂದ ತುಕ್ಕು ಹಿಡಿದ ಮೋಟರ್‌ಸೈಕಲ್ ಕೊಂಡು ತಂದಾಗ ಅಮ್ಮ, "ಆಫೀಸ್ ಕೆಲಸ ಮನೆಗೂ ತಂದ್ರಲ್ಲಪ್ಪ" ಎಂದಳು. ಅಮ್ಮ ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗದಲ್ಲಿ ಡಾಕ್ಟರು. ಮೋಟರ್‌ಸೈಕಲ್ ಸವಾರರನ್ನು ಅವಳು ನೋಡುತ್ತಿದ್ದದ್ದು ಸ್ಟ್ರೆಚರಿನ ಮೇಲೆ ಮಾತ್ರ. ಹಾಗಾಗಿ ನಮ್ಮ ಮನೆಯಲ್ಲಿ ಒಂದು ಕಾನೂನಿತ್ತು: ಅಪ್ಪ ಒಬ್ಬನೇ ಓಡಿಸಬಹುದು, ಹಿಂದಿನ ಸೀಟಿನಲ್ಲಿ ಯಾರೂ ಕೂರುವ ಹಾಗಿಲ್ಲ. ಅಪ್ಪ ತಲೆಯಾಡಿಸಿ ಒಪ್ಪಿಕೊಂಡಿದ್ದ. ಭಾನುವಾರದ ಬೆಳಗ್ಗೆ ಒಂದು ಸುತ್ತು ಹೋಗಿಬಂದು, ಮಿಕ್ಕ ದಿನವೆಲ್ಲ ಅದನ್ನು ಒರೆಸುತ್ತಾ ಕೂರುತ್ತಿದ್ದ. ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು ಎಂದು ನಾವು ಕೀಟಲೆ ಮಾಡುತ್ತಿದ್ದೆವು.

ನನಗೆ ಹತ್ತೋ ಹನ್ನೊಂದೋ ಇದ್ದಾಗ, ನವರಾತ್ರಿಗೆ ಸರಿಯಾಗಿ, ಅಪ್ಪನ ತಾಯಿ ಮೈಸೂರಿನಿಂದ ಬಂದಳು. ಯುಗಾದಿ ಮುಗಿಸಿಕೊಂಡು ವಾಪಸು ಹೋಗುವುದೆಂದು ಟಿಕೆಟ್ ಆಗಿತ್ತು. ಬಂದ ವಾರಕ್ಕೇ ಆಯುಧಪೂಜೆ. ಅಜ್ಜಿ ಗ್ಯಾರೇಜಿನ ನಡುವೆ ಮಡಿಸುವ ಕುರ್ಚಿ ಹಾಕಿಸಿಕೊಂಡು ಕೂತು ಅಪ್ಪಣೆ ಕೊಡುತ್ತಾ ಹೋದಳು, ಅಮ್ಮ ಅರಿಶಿನ ಕುಂಕುಮ ಇಡುತ್ತಾ ಹೋದಳು. ಅಮ್ಮನ ಕಾರಿಗಾಯಿತು, ಹುಲ್ಲಿನ ಮೆಷಿನ್ನಿಗಾಯಿತು, ಹಿಮ ಎತ್ತಿಹಾಕುವ ಸಲಿಕೆಗೂ ಒಂದು ಬೊಟ್ಟು ಬಿತ್ತು. ಬೂದುಗುಂಬಳ ಎಲ್ಲಿ ಸಿಗಬೇಕು? ಹ್ಯಾಲೊವೀನಿಗೆಂದು ನಾನು ಆರಿಸಿ ತಂದಿದ್ದ ಕಿತ್ತಳೆ ಬಣ್ಣದ ಕುಂಬಳಕಾಯಿಯನ್ನೇ ಅಪ್ಪ ಮನೆ ಮುಂದಿನ ಡ್ರೈವ್‌ವೇಯಲ್ಲಿ ಒಡೆದ. ನಾನು ಅತ್ತದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಅಜ್ಜಿ ಎದ್ದು, ಕೆಂಪು ರವಿಕೆ ಕಣದಲ್ಲಿ ಕಡಲೆಪುರಿ, ಬೆಲ್ಲ, ನಾಲ್ಕು ಕಾಳು ಅಕ್ಷತೆ ಗಂಟು ಕಟ್ಟಿ, ಮೋಟರ್‌ಸೈಕಲಿನ ಸೀಟಿನ ಕೆಳಗೆ ತುರುಕಿದಳು. "ಚಳಿಗಾಲ ಪೂರ್ತಿ ಉಪವಾಸ ಮಲಗತ್ತೆ ಅಂತೀಯ. ಹೊಟ್ಟೆಗೇನಾದ್ರೂ ಇರ್ಲಿ ಪಾಪ" ಎಂದಳು. ಅಪ್ಪ ಪುಸ್ತಕ ನೋಡಿ ಚಳಿಗಾಲದ ತಯಾರಿ ಮಾಡುವವನು. ಎಣ್ಣೆ ಬದಲಿಸುತ್ತಿದ್ದ, ಬ್ಯಾಟರಿ ಬಿಚ್ಚಿ ಬೆಚ್ಚಗೆ ಒಳಗಿಡುತ್ತಿದ್ದ. ಆ ಪುಸ್ತಕದಲ್ಲಿ ಕಡಲೆಪುರಿಯ ಬಗ್ಗೆ ಏನೂ ಬರೆದಿರಲಿಲ್ಲ. ತಾಯಿ ಇಟ್ಟದ್ದನ್ನು ಮಗ ತೆಗೆಯಲಿಲ್ಲ. ಮೇಲೆ ಹಳೆಯ ಜಮಖಾನ ಹೊದಿಸಿ ಬಾಗಿಲು ಹಾಕಿದ.

ಆ ವರ್ಷ ಹಿಮ ಬಿದ್ದದ್ದೇ ಬಿದ್ದದ್ದು. ಶಾಲೆಗೆ ರಜ, ಅಮ್ಮನಿಗೂ ಅಪರೂಪಕ್ಕೆ ರಜ. ಅಡುಗೆಮನೆಯ ಕಿಟಕಿಗೆ ಆತುಕೊಂಡು ಅಜ್ಜಿ ಅವರೆಕಾಳಿಲ್ಲದ ದೇಶವನ್ನು ಬೈಯುತ್ತಾ ಫ್ರೋಜನ್ ಬಟಾಣಿಯ ಉಪ್ಪಿಟ್ಟು ತಿನ್ನುತ್ತಿದ್ದಳು. ಅಂಥ ಒಂದು ಮಧ್ಯಾಹ್ನ ತಾತನ ಫಟಫಟಿಯ ಕಥೆ ಬಂತು. ತಾತ ಕಂದಾಯ ಇಲಾಖೆಯಲ್ಲಿದ್ದರಂತೆ, ಊರೂರು ಸುತ್ತುವ ಸರ್ಕೀಟಿಗೆಂದು ಮೋಟರ್‌ಸೈಕಲ್ ಇಟ್ಟುಕೊಂಡಿದ್ದರಂತೆ. ಮದುವೆ ಮುಂಜಿಗೆ ಹೊರಟರೆ ತಾತ ಫಟಫಟಿಯಲ್ಲಿ ಮುಂದೆ, ಅಜ್ಜಿ ಮಕ್ಕಳನ್ನು ಕಟ್ಟಿಕೊಂಡು ಜಟಕಾದಲ್ಲಿ ಹಿಂದೆ. ಗಂಡನ ಬೆನ್ನಿಗೆ ಅಂಟಿ ಕೂತು ಬೀದಿಯಲ್ಲಿ ಹೋದರೆ ಮನೆತನದ ಮರ್ಯಾದೆ ಏನಾಗಬೇಕು ಎಂದು ಅಜ್ಜಿಯ ಅತ್ತೆ ಕೂರಲು ಬಿಡಲಿಲ್ಲ. ಅತ್ತೆ ತೀರಿಕೊಂಡ ಮೇಲೂ ತಾತ ಕರೆಯಲಿಲ್ಲ. "ನಾನಾಗಿ ಕೇಳೋಕೆ ಬಿಗುಮಾನ. ಅವರು ಎಬ್ಬಿಸಿದ ಧೂಳು ಕುಡಿದಿದ್ದೇ ಬಂತು" ಎಂದು ಅಜ್ಜಿ ನಕ್ಕಳು. ಆಮೇಲೆ ಉಪ್ಪಿಟ್ಟಿನ ತಟ್ಟೆಯನ್ನೇ ನೋಡುತ್ತಾ, "ಊರಿಗೆ ಹೋಗೋಕ್ಮುಂಚೆ ಒಂದ್ಸಲ ನನ್ನ ಮಗನ ಹಿಂದೆ ಗಾಡೀಲಿ ಕೂತ್ಕೋಬೇಕು ಅಂತಾಸೆ. ಇನ್ನೊಂದ್ಸಲ ಬರೋ ಶಕ್ತಿ ನಂಗಿಲ್ಲ" ಎಂದಳು. ಅಪ್ಪ ಅಮ್ಮನ ಮುಖ ನೋಡಿದ. ಅಮ್ಮ ಎದ್ದು ಕಾಫಿ ಬೆರೆಸಿದಳು. ಅದನ್ನೇ ಒಪ್ಪಿಗೆಯೆಂದು ತಿಳಿದು ಅಪ್ಪ, "ಚಳಿ ಕಳೀಲಿ ಅಮ್ಮ, ಕರ್ಕೊಂಡೋಗ್ತೀನಿ" ಎಂದ.

ಚಳಿ ಹಟ ಹಿಡಿದು ಕೂತಿತ್ತು. ಯುಗಾದಿಯೂ ಬಂದುಹೋಯಿತು. ಹಿಮ ಕರಗಲೆಂದು ರಸ್ತೆಗೆ ಚೆಲ್ಲಿದ್ದ ಉಪ್ಪು ತೊಳೆದುಹೋಗಿ, ಬಿಸಿಲು ಸ್ವಲ್ಪ ನಂಬುವಂತಾದದ್ದು ಅಜ್ಜಿ ಹೊರಡುವ ಹಿಂದಿನ ದಿನ. ಬೆಳಗ್ಗೆಯೇ ಅಪ್ಪ ಜಮಖಾನ ಸರಿಸಿ, ಟ್ಯಾಂಕಿನ ತಳದಲ್ಲಿ ಉಳಿದಿದ್ದ ಹಳೇ ಪೆಟ್ರೋಲನ್ನು ಕಾಫಿ ಡಬ್ಬಿಗೆ ಇಳಿಸಿ, ಹೊಸದು ತುಂಬಿ, ಬ್ಯಾಟರಿ ಕೂರಿಸಿದ. ಅಜ್ಜಿ ಸೀರೆಯ ಮೇಲೆ ಅಮ್ಮನ ಕೋಟು ಹಾಕಿಕೊಂಡು ಅದೇ ಮಡಿಸುವ ಕುರ್ಚಿಯಲ್ಲಿ ಕಾದಿದ್ದಳು. ಅಪ್ಪ ಕಿಕ್ಕರ್ ಒದ್ದ. ಗಾಡಿ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಪ್ಲಗ್ ಬಿಚ್ಚಿ ಉಜ್ಜಿದ, ಮತ್ತೆ ಒದ್ದ. ಹೊಗೆಯುಗುಳಿ ಎರಡು ಗುಟುಕು ಉಸಿರಾಡಿ ಮತ್ತೆ ನಿಂತಿತು. ಮಧ್ಯಾಹ್ನವಾಗುವ ಹೊತ್ತಿಗೆ ಅಪ್ಪನ ಅಂಗಿ ಬೆನ್ನಿಗಂಟಿತ್ತು. ಅಜ್ಜಿ ಊಟಕ್ಕೂ ಏಳಲಿಲ್ಲ.  ಕೊನೆಗೆ ಅಪ್ಪ ಸೀಟು ಕಳಚಿ, ಎಂಜಿನ್ನಿಗೆ ಗಾಳಿ ಹೋಗುವ ಪೆಟ್ಟಿಗೆಯ ಮುಚ್ಚಳ ತೆಗೆದು ಬಗ್ಗಿ ನೋಡಿದವನು ಹಾಗೇ ನಿಂತ. ಒಳಗೆ ಇಲಿಗಳು ಸಂಸಾರ ಹೂಡಿ ಖಾಲಿ ಮಾಡಿ ಹೋಗಿದ್ದವು. ಗಾಳಿ ಸೋಸುವ ಫಿಲ್ಟರನ್ನು ಕಡಿದು ಚಿಂದಿ ಮಾಡಿ, ಅದಕ್ಕೆ ಕೆಂಪು ನೂಲು ಬೆರೆಸಿ ಮೆತ್ತನೆಯ ಗೂಡು ಕಟ್ಟಿದ್ದವು. ಗೂಡಿನ ತುಂಬ ಪುರಿಯ ಚೂರು.

ಅಪ್ಪ ಥಟ್ಟನೆ ಅಜ್ಜಿಗೆ ಅಡ್ಡಲಾಗಿ ನಿಂತು, "ಫಿಲ್ಟರ್ ಹಳೇದಾಗಿತ್ತಮ್ಮ, ಅಷ್ಟೇ" ಎಂದ.

"ಸುಳ್ಳು ಹೇಳೋಕೆ ನಿಂಗೆ ಚಿಕ್ಕಂದಿನಿಂದ್ಲೂ ಬರಲ್ಲ" ಎಂದಳು ಅಜ್ಜಿ. "ಅದು ನನ್ನ ರವಿಕೆ ಕಣ ಅಲ್ವೇನೋ? ಗಣಪತಿ ವಾಹನಕ್ಕೆ ಹೊಟ್ಟೆ ತುಂಬ್ತು, ನಿನ್ನ ವಾಹನಕ್ಕೆ ಉಸಿರು ಕಟ್ತು." ಅವಳೇ ಮೊದಲು ನಕ್ಕಳು. ಆದರೆ ನಗು ಮುಖದಲ್ಲಿ ನಿಲ್ಲಲಿಲ್ಲ. ಕುರ್ಚಿಯ ಕೈ ಹಿಡಿದು ಎದ್ದು, "ಬಿಡು ಮಗು. ನನ್ನ ಕೈಯಾರೆ ನಾನೇ ತಪ್ಪಿಸ್ಕೊಂಡೆ. ಸೂಟ್‌ಕೇಸ್ ತುಂಬ್ತೀನಿ" ಎಂದು ಒಳಗೆ ಹೊರಟಳು. ಹೊಸ ಫಿಲ್ಟರ್ ಸಿಗುವ ಅಂಗಡಿ ಸೋಮವಾರದವರೆಗೆ ತೆರೆಯುವುದಿಲ್ಲವೆಂದು ಅಪ್ಪ ಫೋನ್ ಮಾಡಿ ತಿಳಿದುಕೊಂಡ. ಮುಖ ಸಣ್ಣದು ಮಾಡಿಕೊಂಡು ಗೂಡು ಬಿಡಿಸತೊಡಗಿದ.

ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ ಅಮ್ಮ, "ರೀ, ಅದಕ್ಕೆ ಏನ್ ಬೇಕು? ಗಾಳಿ ಹೋಗ್ಬೇಕು, ಧೂಳು ಹೋಗ್ಬಾರ್ದು, ಅಷ್ಟೇ ತಾನೆ?" ಎಂದು ಕೇಳಿದಳು. ಒಳಗಿನಿಂದ ಗಾಯಕ್ಕೆ ಕಟ್ಟುವ ಹತ್ತಿಬಟ್ಟೆಯ ಸುರುಳಿ ತಂದು, ಕೈ ತೊಳೆದುಕೊಂಡು, ಫಿಲ್ಟರಿನ ತಂತಿಯ ಚೌಕಟ್ಟಿಗೆ ಪದರ ಪದರವಾಗಿ ಸುತ್ತಿ ಹೊಲಿದಳು. ಅಪ್ಪ ಅದರ ಮೇಲೆ ತೆಳುವಾಗಿ ಎಣ್ಣೆ ಸವರಿ ಒಳಗೆ ಕೂರಿಸಿದ. ಮೂರನೇ ಸಲ ಒದ್ದಾಗ ಗಾಡಿ ಹತ್ತಿಕೊಂಡಿತು. ಆ ಸದ್ದಿಗೆ ಅಜ್ಜಿ ಕೈಯಲ್ಲಿದ್ದ ಸೀರೆಯ ಸಮೇತ ಓಡಿಬಂದಳು. ಅಪ್ಪ ಮಗುವಿನ ಹಾಗೆ ಚಪ್ಪಾಳೆ ತಟ್ಟಿದ. ನಾನಂತೂ ಕುಣಿದೆ.

ಗಾಡಿಯ ಜೊತೆಗೇ ಬಂದಿದ್ದ ಇನ್ನೊಂದು ಹೆಲ್ಮೆಟ್ ಅಜ್ಜಿಯ ತುರುಬಿನ ಮೇಲೆ ಇಳಿಯಲಿಲ್ಲ. ನಾನು ತುರುಬು ಬಿಚ್ಚಿ ಎರಡು ಜಡೆ ಹಾಕಿದೆ. ಸೀರೆಯೊಳಗೆ ಅಮ್ಮನ ಜಾಗಿಂಗ್ ಪ್ಯಾಂಟು, ಕಾಲಿಗೆ ನನ್ನ ಹಿಮದ ಬೂಟು. "ಅತ್ತೆ, ಗಟ್ಟಿಯಾಗಿ ಹಿಡ್ಕೊಳ್ಳಿ. ರೀ, ಸ್ಲೋ ಅಂದ್ರೆ ಸ್ಲೋ" ಎಂದು ಅಮ್ಮ ಹತ್ತು ಸಲ ಹೇಳಿದಳು, ಸಾಲದೆಂದು ಕಾರು ತೆಗೆದು ನನ್ನನ್ನು ಕೂರಿಸಿಕೊಂಡು ಹಿಂದೆಯೇ ಹೊರಟಳು. ಆಗ ನಮ್ಮ ಮನೆಯಾಚೆ ಆಲ್ಡಿ ಹಳ್ಳಿಯ ಕಡೆ ಈಗಿನ ಹಾಗೆ ಮನೆಗಳ ಸಾಲಿರಲಿಲ್ಲ. ಕಲ್ಲಿನ ಬೇಲಿ, ಕುದುರೆ, ಆಗತಾನೆ ಚಿಗುರುತ್ತಿದ್ದ ಹೊಲ. ಮೊದಲು ಅಜ್ಜಿ ಅಪ್ಪನ ಹೆಗಲು ಹಿಡಿದಿದ್ದಳು. ಸ್ವಲ್ಪ ದೂರ ಹೋದಮೇಲೆ ಎರಡೂ ಕೈ ಅವನ ಸೊಂಟ ಬಳಸಿ, ಹೆಲ್ಮೆಟ್ಟಿನ ತಲೆಯನ್ನು ಅವನ ಬೆನ್ನಿಗೆ ಒರಗಿಸಿದಳು. ಎರಡು ಬಿಳಿ ಜಡೆಗಳು ಗಾಳಿಗೆ ಹಾರುತ್ತಿದ್ದವು.

ಮನೆಗೆ ಬಂದು ಇಳಿದಾಗ ಅವಳ ಕಣ್ಣಲ್ಲಿ ನೀರು. ಗಾಳಿಗೆ, ಎಂದುಕೊಂಡೆವು. ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತು ಅಜ್ಜಿ ಅಪ್ಪನಿಗೆ ಹೇಳಿದಳು: "ನಿಮ್ಮಪ್ಪಂಗೆ ಈ ಸುಖ ಗೊತ್ತಿತ್ತು ಕಣೋ. ದಿನಾ ಗೊತ್ತಿತ್ತು. ಬಾ ಅಂತ ಒಂದ್ಸಲ ಅನ್ಬೋದಿತ್ತು."

ಮಾರನೆಯ ಸಂಜೆ ಅಜ್ಜಿ ವಿಮಾನ ಹತ್ತಿದಳು. ಮುಂದಿನ ದಸರೆಗೆ ಮುಂಚೆಯೇ ಮೈಸೂರಿನಿಂದ ಅವಳು ತೀರಿಕೊಂಡ ಸುದ್ದಿ ಬಂತು. ಅವಳು ವಿಮಾನ ಹತ್ತಿ ಹೋದ ನಂತರದ ಭಾನುವಾರ ಅಪ್ಪ ಎಂದಿನಂತೆ ಒಬ್ಬನೇ ಹೊರಡಲು ಗಾಡಿ ಹೊರಗೆ ತಂದಿದ್ದ. ಹೆಲ್ಮೆಟ್ ಹಾಕಿಕೊಳ್ಳುತ್ತಾ ಅಮ್ಮನ ಕಡೆ ತಿರುಗಿ, ಸಂಕೋಚದಿಂದಲೇ, "ಬರ್ತೀಯಾ?" ಎಂದ. ಎಮರ್ಜೆನ್ಸಿ, ಸ್ಟ್ರೆಚರು, ಕಾನೂನು, ಒಂದೂ ಅಮ್ಮನ ಬಾಯಲ್ಲಿ ಬರಲಿಲ್ಲ. ಅಜ್ಜಿಯ ತಲೆಯ ಮೇಲಿದ್ದ ಹೆಲ್ಮೆಟ್ ಹಾಕಿಕೊಂಡು ಹಿಂದೆ ಹತ್ತಿ ಕೂತಳು. "ಪುಟ್ಟಿ, ಬಾಗಿಲು ಹಾಕ್ಕೋ, ಈಗ ಬಂದ್ವಿ" ಎಂದು ಹೋದವರು ಮಧ್ಯಾಹ್ನ ಕಳೆದರೂ ಬರಲಿಲ್ಲ. ನಾನು ಹಸಿದು, ಕೋಪ ಬಂದು, ಸಾರು ಬಿಸಿ ಮಾಡಿಕೊಂಡು ಒಬ್ಬಳೇ ಉಂಡೆ. ಅವರು ಬಂದಾಗ ಮುಖ ತಿರುಗಿಸಿಕೊಂಡು ನನ್ನ ಕೋಣೆಗೆ ಹೋದೆ. ಈಗ ಆ ಮನೆ ಬೇರೆಯವರದು, ಮೋಟರ್‌ಸೈಕಲ್ ಎಲ್ಲಿ ಹೋಯಿತೋ ತಿಳಿಯದು, ಅವರಿಬ್ಬರೂ ಇಲ್ಲ. ಆವತ್ತು ಅವರು ಇನ್ನೂ ಸ್ವಲ್ಪ ತಡವಾಗಿ ಬಂದಿದ್ದರೂ ಆಗುತ್ತಿತ್ತು ಎಂದು ನನಗನಿಸುತ್ತದೆ.