ಬಾಗಿದರೂ ಬಿರಿಯದ ಬೆಸುಗೆ

ಬೆಳಗಿನ ಐದೂವರೆ. ಸೋಂಪುರ ಕೈಗಾರಿಕಾ ಪ್ರದೇಶದ ಮಗ್ಗುಲಿನ ಹಳ್ಳಿಯೊಂದರಲ್ಲಿ ಮಮತ ದನದ ಕೊಟ್ಟಿಗೆಯ ಗೋಡೆಗೆ ಮುಖಮಾಡಿ ನಿಂತಿದ್ದಾರೆ. ಕೈಯಲ್ಲಿ ವೆಲ್ಡಿಂಗ್ ಹೋಲ್ಡರ್. ಅದಕ್ಕೆ ರಾಡ್ ಬದಲು ನೀಲಿ ಸೀಮೆಸುಣ್ಣದ ಕಡ್ಡಿ ಸಿಕ್ಕಿಸಿದ್ದಾರೆ. ಮಂಡಿಯ ಎತ್ತರದಿಂದ ಶುರುಮಾಡಿ, ಎಡಕ್ಕೂ ಬಲಕ್ಕೂ ತುಸುವೇ ಓಲಾಡಿಸುತ್ತಾ, ತಲೆಯ ಮಟ್ಟದವರೆಗೆ ಗೆರೆ ಎಳೆಯುತ್ತಾರೆ. ನಲವತ್ತು ಗೆರೆ ಮುಗಿದ ಮೇಲೆಯೇ ಹಾಲು ಕರೆಯಲು ಕೂರುವುದು.

“ಮೊದ್ಲು ನೋಡ್ದಾಗ ಇವ್ಳಿಗೇನೋ ಗಾಳಿ ಸೋಕೈತೆ ಅನ್ಕೊಂಡೆ,” ಎನ್ನುತ್ತಾರೆ ಅತ್ತೆ ಮುನಿತಾಯಮ್ಮ. “ಈಗ ಗೆರೆ ಎಲ್ಲಿ ಸೊಟ್ಟಗಾಯ್ತು ಅಂತ ನಾನೇ ತೋರಿಸ್ತೀನಿ.”

ಮೂವತ್ತಾರು ವರ್ಷದ ಮಮತ, ಕಂಪ್ರೆಸರ್ ಟ್ಯಾಂಕ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ವೆಲ್ಡಿಂಗ್ ಅಪ್ರೆಂಟಿಸ್. ಹದಿನೈದು ತಿಂಗಳ ತರಬೇತಿಯ ಕೊನೆಯ ಪರೀಕ್ಷೆಗೆ ಇನ್ನು ನಾಲ್ಕೇ ದಿನ. ಪಾಸಾದರೆ ಅದೇ ಕಾರ್ಖಾನೆಯಲ್ಲಿ ವೆಲ್ಡರ್ ಕೆಲಸ. ಇಲ್ಲದಿದ್ದರೆ ಮತ್ತೆ ಹೆಲ್ಪರ್.

ಹೆಲ್ಪರ್ ಕೆಲಸ ಅವರಿಗೆ ಹೊಸದಲ್ಲ. ಎಸ್ಸೆಸ್ಸೆಲ್ಸಿ ಪಾಸಾದರೂ ಮನೆಯಲ್ಲಿ ಮುಂದೆ ಓದಿಸಲಿಲ್ಲ. ಮದುವೆಯಾಗಿ, ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಇದೇ ಕಾರ್ಖಾನೆಗೆ ಸೇರಿ ಗ್ರೈಂಡಿಂಗ್ ಯಂತ್ರ ಹಿಡಿದರು. ವೆಲ್ಡರ್‌ಗಳು ಕೆಡಿಸಿದ ಬೆಸುಗೆಯನ್ನು ಉಜ್ಜಿ ತೆಗೆಯುವ ಕೆಲಸ. ದಿನಕ್ಕೆ ಮೂವತ್ತು ಟ್ಯಾಂಕ್, ಎಂಟು ವರ್ಷ.

“ಬೇರೇವ್ರು ಮಾಡಿದ ತಪ್ಪನ್ನೇ ಉಜ್ಜಿದೀನಿ ಸಾರ್. ಒಳಗಡೆ ಕಿಟ್ಟ ಸಿಕ್ಕೊಂಡಿದ್ರೆ ಗ್ರೈಂಡರ್ ಸದ್ದೇ ಬೇರೆ ಬರುತ್ತೆ. ಇಷ್ಟೆಲ್ಲಾ ಗೊತ್ತಾಗೋವಾಗ ನಾನೇ ಯಾಕೆ ವೆಲ್ಡಿಂಗ್ ಮಾಡ್ಬಾರ್ದು ಅನ್ನಿಸ್ತು.”

ಅಪ್ರೆಂಟಿಸ್ ಅರ್ಜಿ ಕೊಟ್ಟಾಗ ಮೇಲ್ವಿಚಾರಕರೊಬ್ಬರು ನಕ್ಕರು. ಹೆಂಗಸರ ಕೈಯಲ್ಲಿ ಬೆಂಕಿ ಕೆಲಸ ಆಗುವುದಿಲ್ಲ ಎಂದರು. ತರಬೇತುದಾರ ಚಲಪತಿ ಮಾತ್ರ ಅರ್ಜಿಯನ್ನು ಓದಿ, “ನಾಳೆಯಿಂದ ಬಾರಮ್ಮ” ಎಂದರು. ಜೊತೆಗಿದ್ದ ಐವರೂ ಇಪ್ಪತ್ತರ ಆಸುಪಾಸಿನವರು. ಎಲ್ಲರಿಗೂ ಈಕೆ “ಅಕ್ಕ”.

ಮೂರು ವಾರದ ಹಿಂದೆ ನಡೆದ ಅಣಕು ಪರೀಕ್ಷೆಯಲ್ಲಿ ಅಕ್ಕ ಫೇಲಾದರು. ನಿಲ್ಲಿಸಿದ ಎರಡು ಪ್ಲೇಟುಗಳನ್ನು ಕೆಳಗಿನಿಂದ ಮೇಲಕ್ಕೆ ಬೆಸೆಯಬೇಕು. ಆಮೇಲೆ ಅದನ್ನು ಪಟ್ಟಿಗಳಾಗಿ ಕತ್ತರಿಸಿ, ಪ್ರೆಸ್ಸಿಗೆ ಕೊಟ್ಟು ಬಾಗಿಸುತ್ತಾರೆ. ಒಳಗೆ ಹುಳುಕಿದ್ದರೆ ಅಲ್ಲೇ ಬಿರಿಯುತ್ತದೆ. ಮಮತ ಅವರ ಪಟ್ಟಿ ಟಕ್ಕೆಂದು ಎರಡಾಯಿತು. ಭುಜಕ್ಕಿಂತ ಮೇಲೆ ಹೋದಾಗ ಕೈ ನಡುಗುತ್ತದೆ ಎಂದು ಚಲಪತಿ ಕಂಡುಹಿಡಿದರು. ಕೊಟ್ಟಿಗೆಯ ಗೋಡೆಗೆ ಗೆರೆ ಬಿದ್ದದ್ದು ಮರುದಿನದಿಂದ. ಗಂಡ ನಂದೀಶ್ ಗೋಡೆಗೆ ಸುಣ್ಣ ಬಳಿದುಕೊಟ್ಟರು. ಮಗಳು ಚಂದನ ರೊಟ್ಟಿ ತಟ್ಟುವ ಹೊತ್ತಿನಲ್ಲಿ ಥಿಯರಿ ಪ್ರಶ್ನೆ ಕೇಳುತ್ತಾಳೆ.

ಪರೀಕ್ಷೆಯ ದಿನ. ಹೊರಗಿನಿಂದ ಬಂದ ಪರೀಕ್ಷಕರು ಮನೋಹರ್. ಎರಡು ಗಂಟೆಯ ಅವಧಿ. ವರದಿಗೆಂದು ಬಂದ ನಾನು ತರಬೇತಿ ಕೋಣೆಯ ಗಾಜಿನ ಆಚೆ ನಿಂತು ನೋಡುತ್ತಿದ್ದೇನೆ. ಒಂದೂಕಾಲು ಗಂಟೆ ಕಳೆದಿದೆ, ಮೂರನೆಯ ಪದರ ನಡೆಯುತ್ತಿದೆ. ಇದ್ದಕ್ಕಿದ್ದಂತೆ ಮಮತ ರಾಡ್ ಎತ್ತಿ, ಮುಖದ ಕವಚ ಸರಿಸಿ, ಪ್ಲೇಟಿನ ಅಂಚನ್ನೇ ದಿಟ್ಟಿಸುತ್ತಾರೆ.

“ಸಾರ್, ಒಳಗೆ ಕಿಟ್ಟ ಕೂತೈತೆ. ಉಜ್ಜಿ ತೆಗೆದು ಮತ್ತೆ ಹಾಕ್ಬೋದಾ?”

“ಹಾಕಮ್ಮ. ಆದ್ರೆ ಟೈಮ್ ಮಾತ್ರ ಜಾಸ್ತಿ ಕೊಡಲ್ಲ.”

ಪಕ್ಕದ ಹುಡುಗ ವಿಜಯ್ ಆಗಲೇ ಕೊನೆಯ ಪದರದಲ್ಲಿದ್ದಾನೆ. ಮಮತ ಗ್ರೈಂಡರ್ ಹಿಡಿದು ಎರಡು ಪದರದಷ್ಟು ಆಳಕ್ಕೆ ತೋಡುತ್ತಾರೆ. ಚಲಪತಿ ನನ್ನ ಪಕ್ಕದಲ್ಲಿ ಕೈಕೈ ಹಿಸುಕಿಕೊಳ್ಳುತ್ತಾರೆ. “ಬಿಟ್ಟಿದ್ರೂ ಮಿತಿಯೊಳಗೆ ಪಾಸಾಗ್ತಿತ್ತೇನೋ,” ಎಂದು ಗೊಣಗುತ್ತಾರೆ. ತೋಡಿದ ಜಾಗ ಹೊಳೆಯತೊಡಗಿದ ಮೇಲೆ ಮತ್ತೆ ಕಿಡಿ. ಭುಜದ ಮಟ್ಟ ದಾಟಿದಾಗಲೂ ಕೈ ಕದಲುವುದಿಲ್ಲ. ಮುಗಿಸಿದಾಗ ಉಳಿದದ್ದು ನಾಲ್ಕು ನಿಮಿಷ.

ಮಧ್ಯಾಹ್ನ ಬಾಗಿಸುವ ಪರೀಕ್ಷೆ. ವಿಜಯ್‌ನ ನಾಲ್ಕು ಪಟ್ಟಿಯಲ್ಲಿ ಒಂದು ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಮಿತಿಯೊಳಗೇ ಇದೆ, ಆತ ಪಾಸು. ಮಮತ ಅವರ ಸರದಿ. ಮೊದಲನೆಯದು ಲಾಳದಂತೆ ಬಾಗುತ್ತದೆ. ಎರಡನೆಯದು, ಮೂರನೆಯದು. ನಾಲ್ಕನೆಯದನ್ನು ಮನೋಹರ್ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿ, ಉಗುರಿನಿಂದ ಸವರುತ್ತಾರೆ. ಎಲ್ಲೂ ಏನೂ ಇಲ್ಲ.

“ಇವತ್ತಿನ ಬ್ಯಾಚಲ್ಲಿ ಒಂದು ಗೀರೂ ಇಲ್ಲದ ಜಾಬ್ ಇದೊಂದೇ,” ಎಂದು ಅವರು ಗಟ್ಟಿಯಾಗಿ ಹೇಳಿದಾಗ ಹುಡುಗರು “ಅಕ್ಕಾ!” ಎಂದು ಕೂಗಿ ಟೇಬಲ್ ಕುಟ್ಟುತ್ತಾರೆ. ಚಲಪತಿ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಮಮತ ಎರಡು ಕೈಯಲ್ಲೂ ಆ ಪಟ್ಟಿ ಹಿಡಿದುಕೊಂಡು ನಗುತ್ತಲೇ ಅಳುತ್ತಾರೆ.

ಎರಡು ವಾರದ ನಂತರ ಮತ್ತೆ ಭೇಟಿಯಾದಾಗ ಮಮತ ವೆಲ್ಡರ್. ಅವರ ಕೈಗೆ ಉಕ್ಕಿನ ಪುಟ್ಟ ಮುದ್ರೆಯೊಂದು ಬಂದಿದೆ. ಇಲ್ಲಿ ಪ್ರತಿ ವೆಲ್ಡರ್‌ಗೂ ಒಂದು ಸಂಖ್ಯೆ. ಬೆಸೆದ ಟ್ಯಾಂಕಿನ ಮೇಲೆ ಅದನ್ನು ಒತ್ತಬೇಕು. ಮುಂದೆ ತೊಂದರೆಯಾದರೆ ಯಾರ ಕೆಲಸವೆಂದು ಗೊತ್ತಾಗಲೆಂದು. ಮಮತ ಅವರದು ಹದಿನೇಳು. ಆಗಷ್ಟೇ ಮುಗಿದ ಟ್ಯಾಂಕಿನ ಮೇಲೆ ಮುದ್ರೆ ಇಟ್ಟು ಸುತ್ತಿಗೆಯಿಂದ ಒಂದೇ ಏಟು ಹಾಕುತ್ತಾರೆ. ಬೆರಳಿನಿಂದ ಅಂಕಿಯನ್ನು ಸವರಿ ಹೇಳುತ್ತಾರೆ:

“ಕೆಟ್ರೂ ನನ್ನೇ ಕೇಳ್ಲಿ ಸಾರ್, ಚೆನ್ನಾಗಿದ್ರೂ ನನ್ನೇ ಕೇಳ್ಲಿ.”